ದಾರಿ ತಪ್ಪಿದ ಅವ್ವ ಮತ್ತು ತಲೆಯೊಳಗಿನ ನಕ್ಷೆ



ಕಳೆದ ಸಲ ಎದೆಯುರಿಗೂ ಹೃದಯದ ನೋವಿಗೂ ಇರುವ ವ್ಯತ್ಯಾಸ ಬರೆದಿದ್ದೆ. ಅದನ್ನು ಓದಿದವರಲ್ಲಿ ಹಲವರು ಕೇಳಿದ್ದು ಬೇರೆಯೇ ಪ್ರಶ್ನೆ. "ಡಾಕ್ಟ್ರೇ, ಊರಿಂದ ಅಮ್ಮನ್ನ ಕರ್ಕೊಂಡು ಬಂದಿದ್ದೀವಿ. ಮೊನ್ನೆ ದಾರಿ ತಪ್ಪಿಸಿಕೊಂಡ್ರು. ಇದು ಮರೆವಿನ ಕಾಯಿಲೆಯಾ?" ಹೃದಯದ ಡಾಕ್ಟರಿಗೆ ಮೆದುಳಿನ ಪ್ರಶ್ನೆ! ಆದರೆ ಬಿಪಿ ಮಾತ್ರೆ ಬರೆಸಿಕೊಳ್ಳಲು ಮೂರು ತಿಂಗಳಿಗೊಮ್ಮೆ ವಯಸ್ಸಾದವರು ಬರುವುದು ನನ್ನ ಹತ್ತಿರವೇ. ಹಾಗಾಗಿ ಇಂಥ ಮಾತು ಮೊದಲು ಕಿವಿಗೆ ಬೀಳುವುದೂ ನನಗೇ.

ಒಬ್ಬ ಅವ್ವನ ಕಥೆಯಿಂದ ಶುರು ಮಾಡುತ್ತೇನೆ. ಗುರುತು ಸಿಗದಂತೆ ಒಂದೆರಡು ವಿವರ ಬದಲಿಸಿದ್ದೇನೆ.

ರಾಣೆಬೆನ್ನೂರಿನ ಹತ್ತಿರದ ಹಳ್ಳಿಯವರು, ವಯಸ್ಸು 74. ಯಜಮಾನರು ತೀರಿಕೊಂಡ ಮೇಲೆ ಮಗ ಠಾಣೆಗೆ ಕರೆತಂದ. ಆರು ಟವರುಗಳ ಸೊಸೈಟಿ, ಹದಿನಾಲ್ಕನೇ ಮಹಡಿಯಲ್ಲಿ ಫ್ಲ್ಯಾಟ್. ಬಂದು ಎರಡು ತಿಂಗಳಾಗಿತ್ತು. ಒಂದು ಬೆಳಿಗ್ಗೆ ಗೇಟಿನ ಹೊರಗೆ ಕೂರುವ ಹೂವಿನವಳ ಹತ್ತಿರ ಮಲ್ಲಿಗೆ ತರಲು ಹೋದರು. ವಾಪಸು ಬರುವಾಗ ಪಕ್ಕದ ಟವರಿನ ಲಿಫ್ಟ್ ಹತ್ತಿದರು. ಹದಿನಾಲ್ಕನೇ ಮಹಡಿಯಲ್ಲಿ ಇಳಿದು ಬೆಲ್ ಒತ್ತಿದರೆ ಬಾಗಿಲು ತೆರೆದದ್ದು ಗುರುತಿಲ್ಲದ ಹೆಂಗಸು. ಗಾಬರಿಯಾಗಿ ಕೆಳಗಿಳಿದು, ಇನ್ನೊಂದು ಗೇಟಿನಿಂದ ಹೊರಗೆ ಬಂದು, ನಡೆಯುತ್ತಾ ನಡೆಯುತ್ತಾ ಸ್ಟೇಷನ್ ಹತ್ತಿರ ಹೋಗಿಬಿಟ್ಟರು. ಬೋರ್ಡುಗಳೆಲ್ಲ ಮರಾಠಿ, ಇಂಗ್ಲಿಷ್. ಕೈಯಲ್ಲಿ ಮೊಬೈಲ್ ಇಲ್ಲ. ಮೂರು ಗಂಟೆ ಕಳೆದ ಮೇಲೆ ಒಂದು ಉಡುಪಿ ಹೋಟೆಲಿನ ಗಲ್ಲೆಯ ಮೇಲಿದ್ದವರು ಇವರ ಕನ್ನಡ ಕೇಳಿ ಒಳಗೆ ಕೂರಿಸಿ, ಕಾಫಿ ಕೊಟ್ಟು, ಮಗನ ಆಫೀಸಿನ ಹೆಸರನ್ನು ಹೇಗೋ ಹೊರಡಿಸಿ ಫೋನ್ ಮಾಡಿದರು.

ಮರುದಿನ ಮಗ ಅವ್ವನನ್ನು ನನ್ನ ಮುಂದೆ ಕೂರಿಸಿದ. "ಅವ್ವಗ ಮರೆವಿನ ರೋಗ ಸುರು ಆಗೇದೇನ್ರಿ? ಇನ್ನ ಮ್ಯಾಲೆ ಹೊರಗ ಬಿಡೂದು ಬ್ಯಾಡ, ಕೀಲಿ ಹಾಕ್ಕೊಂಡ ಹೋಗ್ತೀವಿ" ಅಂದ. ಅವ್ವ ಸೆರಗಿನ ತುದಿ ಹಿಡಿದುಕೊಂಡು ತಲೆ ತಗ್ಗಿಸಿ ಕೂತಿದ್ದರು. ಸ್ವಲ್ಪ ಹೊತ್ತಿನ ಮೇಲೆ, "ನನಗೇನೂ ಹುಚ್ಚ ಹಿಡದಿಲ್ರಿ ಡಾಕ್ಟ್ರ. ಎಲ್ಲಾ ಬಾಗಲಾ ಒಂದ ನಮೂನಿ ಅದಾವ" ಅಂದರು.

ಆ ಮಾತು ಎಷ್ಟು ಸರಿ ಎಂದು ತಿಳಿಯಬೇಕಾದರೆ, ದಾರಿ ನೆನಪಿಟ್ಟುಕೊಳ್ಳುವ ಕೆಲಸವನ್ನು ಮೆದುಳು ಹೇಗೆ ಮಾಡುತ್ತದೆ ಎಂದು ನೋಡಬೇಕು.

ಎರಡೂ ಕಿವಿಗಳ ಒಳಭಾಗದಲ್ಲಿ, ಮೆದುಳಿನ ತಳದ ಕಡೆ, ಕಿರುಬೆರಳಿನಷ್ಟು ಉದ್ದದ ಬಾಗಿದ ಭಾಗವೊಂದಿದೆ. ಎಡಕ್ಕೊಂದು, ಬಲಕ್ಕೊಂದು. ಅದರ ಹೆಸರು ಹಿಪ್ಪೊಕ್ಯಾಂಪಸ್. ನೋಡಲು ಕಡಲ್ಕುದುರೆಯಂತೆ ಇದೆ ಎಂದು ಗ್ರೀಕ್ ಭಾಷೆಯಿಂದ ಆ ಹೆಸರು ಇಟ್ಟರು. ಇವತ್ತು ಬೆಳಿಗ್ಗೆ ಏನು ತಿಂದಿರಿ, ಬೀಗದ ಕೈ ಎಲ್ಲಿ ಇಟ್ಟಿರಿ ಎಂಬ ಹೊಸ ನೆನಪುಗಳು ಇಲ್ಲಿಂದಲೇ ಹಾದು ಹೋಗಬೇಕು. ದಾರಿಯ ನಕ್ಷೆಯೂ ಇಲ್ಲೇ ತಯಾರಾಗುವುದು.

1971ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಜಾನ್ ಓಕೀಫ್ ಎಂಬ ವಿಜ್ಞಾನಿ ತಮ್ಮ ವಿದ್ಯಾರ್ಥಿಯ ಜೊತೆ ಸೇರಿ ಇಲಿಯ ಹಿಪ್ಪೊಕ್ಯಾಂಪಸ್‌ನೊಳಗೆ ಕೂದಲೆಳೆಯಂಥ ತಂತಿ ಇಟ್ಟು, ಇಲಿ ಓಡಾಡುವಾಗ ಒಂದೊಂದೇ ನರಕೋಶದ ಸದ್ದು ಕೇಳಿದರು. ಒಂದು ಕೋಶ ಇಲಿ ಒಂದು ಮೂಲೆಗೆ ಬಂದಾಗ ಮಾತ್ರ ಚಟಪಟ ಎನ್ನುತ್ತಿತ್ತು. ಇನ್ನೊಂದು ಕೋಶಕ್ಕೆ ಇನ್ನೊಂದು ಜಾಗ. ಇವುಗಳಿಗೆ ಪ್ಲೇಸ್ ಸೆಲ್ ಎಂದರು. ನಾವು ಸ್ಥಳಕೋಶ ಎನ್ನೋಣ. ನೀವು ಅಡುಗೆಮನೆಯಲ್ಲಿ ಸಿಂಕಿನ ಮುಂದೆ ನಿಂತಾಗ ಒಂದು ಗುಂಪು, ಬಾಲ್ಕನಿಗೆ ಹೋದಾಗ ಇನ್ನೊಂದು ಗುಂಪು ಎದ್ದು "ನೀನು ಇಲ್ಲಿದ್ದೀಯ" ಎನ್ನುತ್ತದೆ.

ಆಮೇಲೆ 1980ರ ದಶಕದಲ್ಲಿ ಅಮೆರಿಕದಲ್ಲಿ ದಿಕ್ಕಿನ ಕೋಶಗಳು ಸಿಕ್ಕವು. ತಲೆ ಯಾವ ಕಡೆ ತಿರುಗಿದೆ ಎಂಬುದಷ್ಟೇ ಇವಕ್ಕೆ ಬೇಕು. ಇದು ಅಯಸ್ಕಾಂತದ ದಿಕ್ಸೂಚಿ ಅಲ್ಲ. ಒಳಕಿವಿಯಲ್ಲಿರುವ ಸಮತೋಲನದ ಅಂಗ ಕೊಡುವ ಸುದ್ದಿಯನ್ನೂ ಕಣ್ಣಿಗೆ ಕಾಣುವ ಗುರುತುಗಳನ್ನೂ ಸೇರಿಸಿ ಮೆದುಳು ದಿಕ್ಕಿನ ಲೆಕ್ಕ ಹಾಕುತ್ತದೆ. ಕಣ್ಣಿಗೆ ಗುರುತು ಸಿಗದಿದ್ದರೆ ಲೆಕ್ಕ ಸ್ವಲ್ಪ ಸ್ವಲ್ಪವೇ ಜಾರುತ್ತದೆ. ಲಿಫ್ಟಿನೊಳಗೆ ಹೋಗಿ, ತಿರುಗಿ ನಿಂತು, ಕಿಟಕಿಯಿಲ್ಲದ ಕಾರಿಡಾರಿನಲ್ಲಿ ಇಳಿದ ಅವ್ವನ ಸ್ಥಿತಿ ಊಹಿಸಿಕೊಳ್ಳಿ. ಹಳ್ಳಿಯಲ್ಲಿ ಅವರಿಗೆ ಮೂಡಣ ಯಾವುದು, ಪಡುವಣ ಯಾವುದು ಎಂದು ಯಾರೂ ಹೇಳಬೇಕಿರಲಿಲ್ಲ. ಸೂರ್ಯ ಇದ್ದ, ಕೆರೆ ಇತ್ತು, ಗುಡಿಯ ಗೋಪುರ ಇತ್ತು.

ಮೂರನೆಯದು 2005ರಲ್ಲಿ ನಾರ್ವೆಯ ಟ್ರಾಂಡ್‌ಹೈಮ್‌ನಲ್ಲಿ ಸಿಕ್ಕಿದ್ದು. ಮೇ-ಬ್ರಿಟ್ ಮೋಸರ್ ಮತ್ತು ಎಡ್ವರ್ಡ್ ಮೋಸರ್ ಹಿಪ್ಪೊಕ್ಯಾಂಪಸ್‌ಗೆ ಅಂಟಿಕೊಂಡೇ ಇರುವ ಎಂಟೊರೈನಲ್ ಕಾರ್ಟೆಕ್ಸ್ ಎಂಬ ಭಾಗವನ್ನು ನೋಡುತ್ತಿದ್ದರು. ಈ ಹೆಸರು ಸ್ವಲ್ಪ ನೆನಪಿರಲಿ, ಮುಂದೆ ಬೇಕಾಗುತ್ತದೆ. ಅಲ್ಲಿನ ಒಂದೊಂದು ಕೋಶವೂ ಒಂದೇ ಜಾಗಕ್ಕಲ್ಲ, ಹಲವು ಜಾಗಗಳಿಗೆ ಎದ್ದೇಳುತ್ತಿತ್ತು. ಆ ಜಾಗಗಳನ್ನು ಕಾಗದದ ಮೇಲೆ ಗುರುತು ಹಾಕಿದರೆ ನಮ್ಮ ಮನೆಯ ಹೆಣ್ಣುಮಕ್ಕಳಿಗೆ ತಕ್ಷಣ ಅರ್ಥವಾಗುವ ಚಿತ್ರ: ಸಂದುಚುಕ್ಕಿಯ ರಂಗೋಲಿ. ಮೇಲಿನ ಸಾಲಿನ ಎರಡು ಚುಕ್ಕಿಗಳ ಸಂದಿಗೆ ಕೆಳಗಿನ ಸಾಲಿನ ಚುಕ್ಕಿ ಬರುತ್ತದಲ್ಲ, ಥೇಟ್ ಹಾಗೆ. ಎಷ್ಟು ದೂರ ನಡೆದೆ ಎಂದು ಅಳೆಯಲು ಮೆದುಳು ನೆಲದ ಮೇಲೆಲ್ಲ ಕಾಣದ ಚುಕ್ಕಿ ಇಟ್ಟುಕೊಂಡಿದೆ. ಇವೇ ಗ್ರಿಡ್ ಸೆಲ್‌ಗಳು. ಓಕೀಫ್ ಮತ್ತು ಮೋಸರ್ ದಂಪತಿಗೆ 2014ರ ವೈದ್ಯಕೀಯ ನೊಬೆಲ್ ಬಂದದ್ದು ಈ ಕೆಲಸಕ್ಕೆ. ಮೆದುಳಿನ ಆಪರೇಷನ್ನಿಗೆ ಮುಂಚೆ ತಂತಿ ಇಡಬೇಕಾದ ಫಿಟ್ಸ್ ರೋಗಿಗಳಲ್ಲಿ ನೋಡಿದಾಗ ಮನುಷ್ಯರಲ್ಲೂ ಇಂಥ ಕೋಶಗಳು ಕಂಡಿವೆ.

ಈಗ ಅವ್ವನ ಮಾತಿಗೆ ಬರೋಣ. ಸ್ಥಳಕೋಶಗಳು ನಕ್ಷೆ ಬರೆಯುವುದು ಗುರುತುಗಳನ್ನು ಹಿಡಿದುಕೊಂಡು. ಹೊಸ ಜಾಗಕ್ಕೆ ಹೋದರೆ ಹಳೆಯ ನಕ್ಷೆ ನಡೆಯುವುದಿಲ್ಲ, ಹೊಸದು ಬೇಕು. ಆರು ಟವರು, ಎಲ್ಲಕ್ಕೂ ಒಂದೇ ಬಣ್ಣ, ಒಂದೇ ಲಾಬಿ, ಒಂದೇ ಕಂದು ಬಾಗಿಲು. ಗುರುತು ಎಲ್ಲಿಂದ ತರಬೇಕು? ಇಲಿಗಳ ಮೇಲಿನ ಇನ್ನೊಂದು ಪ್ರಯೋಗ ನನಗೆ ಯಾವಾಗಲೂ ನೆನಪಿಗೆ ಬರುತ್ತದೆ. 1997ರಲ್ಲಿ ಪ್ರಕಟವಾದದ್ದು. ವಯಸ್ಸಾದ ಇಲಿಗಳನ್ನು ಗೊತ್ತಿರುವ ಕೋಣೆಯಿಂದ ಹೊರಗೆ ತೆಗೆದು ಮತ್ತೆ ಅಲ್ಲೇ ಬಿಟ್ಟರೆ, ಕೆಲವೊಮ್ಮೆ ಅವುಗಳ ತಲೆಯಲ್ಲಿ ಆ ಕೋಣೆಯದಲ್ಲದ ಬೇರೊಂದು ನಕ್ಷೆ ತೆರೆದುಕೊಳ್ಳುತ್ತಿತ್ತು. ಎಳೆಯ ಇಲಿಗಳಲ್ಲಿ ಹಾಗಾಗುತ್ತಿರಲಿಲ್ಲ. ಊರಿಂದ ಬಂದ ಅಜ್ಜ ಮಧ್ಯರಾತ್ರಿ ಎದ್ದು ಬಚ್ಚಲು ಹುಡುಕುತ್ತಾ ನೇರವಾಗಿ ಕಪಾಟಿನ ಬಾಗಿಲು ತೆಗೆಯುತ್ತಾರಲ್ಲ, ಆಗ ಅವರ ತಲೆಯಲ್ಲಿ ತೆರೆದಿರುವುದು ಊರಿನ ಮನೆಯ ನಕ್ಷೆ ಎಂದೇ ನಾನು ಭಾವಿಸುತ್ತೇನೆ. ಇಲಿಯಿಂದ ಮನುಷ್ಯರಿಗೆ ನೇರ ಜಿಗಿತ ಸರಿಯಲ್ಲ, ಒಪ್ಪುತ್ತೇನೆ. ಆದರೂ ಮನೆಯವರಿಗೆ ಹೀಗೆ ಹೇಳಿದರೆ ಅಜ್ಜನ ಮೇಲಿನ ಸಿಟ್ಟು ಇಳಿಯುವುದನ್ನು ನೋಡಿದ್ದೇನೆ.

"ಹಳ್ಳಿಯವರು, ಅವರಿಗೆ ಸಿಟಿ ತಿಳಿಯಲ್ಲ" ಎಂದು ಸುಮ್ಮನಾಗಬೇಡಿ. ಮೊಬೈಲಿನಲ್ಲಿ ದಾರಿ ಹುಡುಕುವ 'ಸೀ ಹೀರೋ ಕ್ವೆಸ್ಟ್' ಎಂಬ ಆಟ ಮಾಡಿ, ಅದನ್ನು ಆಡಿದವರ ಮಾಹಿತಿ ಸೇರಿಸಿದರು. 38 ದೇಶಗಳ ಸುಮಾರು 4 ಲಕ್ಷ ಜನರ ಲೆಕ್ಕ 2022ರಲ್ಲಿ ಬಂತು. ಊರು ಹಳ್ಳಿಗಳ ಕಡೆ ಬೆಳೆದವರು ಸರಾಸರಿಯಲ್ಲಿ ನಗರದಲ್ಲಿ ಬೆಳೆದವರಿಗಿಂತ ದಾರಿ ಹುಡುಕುವುದರಲ್ಲಿ ಜಾಣರು. ಚೌಕ ಚೌಕವಾಗಿ ಕತ್ತರಿಸಿದಂಥ ರಸ್ತೆಗಳ ನಗರದಲ್ಲಿ ಬೆಳೆದವರು ಇನ್ನೂ ಹಿಂದೆ. ಹಾಗಾಗಿ ಅವ್ವನ ಯಂತ್ರ ಕೆಟ್ಟದ್ದೇನಲ್ಲ. ಅದು ಪಳಗಿದ ಗುರುತುಗಳು ಇಲ್ಲಿಲ್ಲ, ಅಷ್ಟೇ. ಬೋರ್ಡು ಓದಲು ಬಾರದಿರುವುದು ಅದರ ಮೇಲೆ ಇನ್ನೊಂದು ಹೊರೆ. ಹೈದರಾಬಾದಿಗೆ ಹೋದವರಿಗೆ ತೆಲುಗು ಲಿಪಿ ಸ್ವಲ್ಪ ಕೈಹಿಡಿಯುತ್ತದೆ. ಮುಂಬಯಿ, ದೆಹಲಿ, ಚೆನ್ನೈಗಳಲ್ಲಿ ಆ ಅನುಕೂಲವೂ ಇಲ್ಲ.

ಆದರೆ ದಾರಿ ತಪ್ಪುವುದನ್ನು ಯಾವಾಗಲೂ ಹೀಗೆ ಸಮಾಧಾನದಿಂದ ಬಿಡುವಂತಿಲ್ಲ. ಇಲ್ಲಿ ನನ್ನ ಒಂದು ತಪ್ಪನ್ನು ಹೇಳಬೇಕು.

ಕೆಲವು ವರ್ಷಗಳ ಹಿಂದೆ ನಾನು ಸ್ಟೆಂಟ್ ಹಾಕಿದ ರೋಗಿ, ಬ್ಯಾಂಕಿನಿಂದ ನಿವೃತ್ತರಾದವರು, ಕರಾವಳಿ ಕಡೆಯವರು. ಮಾಟುಂಗದ ಒಂದೇ ಮನೆಯಲ್ಲಿ 40 ವರ್ಷ. ಚೆಕಪ್‌ಗೆ ಬಂದಾಗ ಅವರ ಹೆಂಡತಿ ಹೊರಡುವ ಹೊತ್ತಿಗೆ ಬಾಗಿಲ ಹತ್ತಿರ ನಿಂತು, "ಇವರಿಗೆ ಇತ್ತೀಚೆಗೆ ದಾರಿ ಸ್ವಲ್ಪ ಗೊಂದಲ ಆಗ್ತದೆ ಡಾಕ್ಟ್ರೇ. ಮಾರ್ಕೆಟಿನಿಂದ ಬೇರೆ ಗಲ್ಲಿಯಲ್ಲಿ ಬಂದ್ರೆ ಮನೆ ಯಾವ ಬದಿ ಅಂತ ನಿಂತು ಯೋಚಿಸ್ತಾರೆ" ಅಂದರು. ಹೊರಗೆ ಇಪ್ಪತ್ತು ಜನ ಕಾಯುತ್ತಿದ್ದರು. "ವಯಸ್ಸಾಯ್ತಲ್ಲಮ್ಮ, ರಸ್ತೆಯೆಲ್ಲ ಅಗೆದು ಹಾಕಿದ್ದಾರೆ, ನನಗೂ ಗೊಂದಲ ಆಗುತ್ತೆ" ಎಂದು ನಕ್ಕು ಕಳಿಸಿದೆ. ಒಂದೂವರೆ ವರ್ಷದ ಮೇಲೆ ಅವರು ಬಂದದ್ದು ಆಲ್ಝೈಮರ್ ಎಂದು ಬರೆದ ಫೈಲು ಹಿಡಿದು. ಅಷ್ಟರೊಳಗೆ ಹಣದ ವಿಷಯದಲ್ಲಿ ಯಾರಿಗೋ ಸಹಿ ಹಾಕಿಕೊಟ್ಟು ಪಡಬಾರದ ಪಾಡು ಪಟ್ಟಿದ್ದರು.

ಮೊದಲೇ ಗೊತ್ತಾಗಿದ್ದರೆ ಕಾಯಿಲೆ ವಾಸಿಯಾಗುತ್ತಿತ್ತೇ? ಇಲ್ಲ. ಆದರೆ ಬ್ಯಾಂಕು, ಉಯಿಲು, ಮುಂದೆ ಎಲ್ಲಿರಬೇಕು ಎಂಬುದನ್ನು ಅವರೇ, ತಮ್ಮ ಬುದ್ಧಿಯಿಂದ, ನಿರ್ಧರಿಸಬಹುದಿತ್ತು. ಆ ಒಂದೂವರೆ ವರ್ಷ ಅವರದ್ದಾಗುತ್ತಿತ್ತು. ಅದನ್ನು ನಾನು ನಕ್ಕು ಕಳೆದೆ.

ನಾನು ಗಮನಿಸದೆ ಬಿಟ್ಟದ್ದು ಇದು: ಆಲ್ಝೈಮರ್ ಕಾಯಿಲೆಯಲ್ಲಿ ಮೆದುಳಿನೊಳಗೆ ನಾರಿನ ಗಂಟುಗಳಂಥವು ಕಟ್ಟಿಕೊಳ್ಳುತ್ತವೆ. ಜರ್ಮನಿಯ ಬ್ರಾಕ್ ದಂಪತಿ 1991ರಲ್ಲಿ ತೋರಿಸಿದಂತೆ, ಮೆದುಳಿನ ಹೊರಪದರದಲ್ಲಿ ಈ ಗಂಟುಗಳು ಮೊದಲು ಕಾಣುವ ಜಾಗ ಎಂಟೊರೈನಲ್ ಕಾರ್ಟೆಕ್ಸ್ ಮತ್ತು ಅದರ ಅಂಚು. ನೆನಪಿರಲಿ ಎಂದಿದ್ದೆನಲ್ಲ, ಅದೇ ಹೆಸರು. ರಂಗೋಲಿಯ ಚುಕ್ಕಿ ಇಡುವ ಜಾಗವೇ ಮೊದಲು ಹಾಳಾಗುತ್ತದೆ. ಅಲ್ಲಿಂದ ಹಿಪ್ಪೊಕ್ಯಾಂಪಸ್‌ಗೆ. ಹಾಗಾಗಿ ಎಷ್ಟೋ ಜನರಲ್ಲಿ ಹೆಸರು ಮರೆಯುವುದಕ್ಕೆ ಮುಂಚೆಯೋ ಅದರ ಜೊತೆಗೋ ದಾರಿ ತಪ್ಪುವುದು ಶುರುವಾಗಬಹುದು.

ಆದ್ದರಿಂದ ನನ್ನ ಮೊದಲ ಪ್ರಶ್ನೆ ಈಗ ಒಂದೇ: *ದಾರಿ ತಪ್ಪಿದ್ದು ಹೊಸ ಜಾಗದಲ್ಲೋ, ಹಳೆಯ ಜಾಗದಲ್ಲೋ?*

ಎರಡು ತಿಂಗಳ ಹಿಂದೆ ಬಂದ ಸೊಸೈಟಿಯಲ್ಲಿ ತಪ್ಪಿದರೆ ಒಂದು ಅರ್ಥ. ನಲವತ್ತು ವರ್ಷ ಓಡಾಡಿದ ಗಲ್ಲಿಯಲ್ಲಿ ತಪ್ಪಿದರೆ ಬೇರೆಯೇ ಅರ್ಥ. ಹಬ್ಬಕ್ಕೆ ಊರಿಗೆ ಹೋದಾಗ ಅಮ್ಮ ತಾನು ಮದುವೆಯಾಗಿ ಬಂದ ಊರಿನಲ್ಲಿ ಹೇಗಿದ್ದಾರೆ ನೋಡಿ. ಅಲ್ಲಿ ಹಿಟ್ಟಿನ ಗಿರಣಿಗೆ, ಗುಡಿಗೆ, ತಂಗಿಯ ಮನೆಗೆ ಮೊದಲಿನಂತೆಯೇ ಹೋಗಿ ಬಂದರೆ ಅರ್ಧ ಚಿಂತೆ ಕಡಿಮೆ. ಅಲ್ಲೂ ತಡವರಿಸಿದರೆ ಡಾಕ್ಟರಿಗೆ ತೋರಿಸುವುದನ್ನು ಮುಂದೂಡಬೇಡಿ. ಜೊತೆಗೆ ಇನ್ನಷ್ಟು ನೋಡಿ: ಕೇಳಿದ್ದನ್ನೇ ಹತ್ತು ನಿಮಿಷದಲ್ಲಿ ಮತ್ತೆ ಕೇಳುತ್ತಾರೆಯೇ, ದಿನಾ ಮಾಡುವ ಸಾರು ಮಾಡುವಾಗ ಕ್ರಮ ತಪ್ಪುತ್ತಾರೆಯೇ, ಚಿಲ್ಲರೆ ಲೆಕ್ಕ ಹಾಕಲು ಕಷ್ಟಪಡುತ್ತಾರೆಯೇ, ಇದೆಲ್ಲ ಆರು ತಿಂಗಳಿಂದ ನಿಧಾನವಾಗಿ ಹೆಚ್ಚಾಗುತ್ತಿದೆಯೇ. ದಾರಿ ತಪ್ಪಿದ ವ್ಯಕ್ತಿ ತಾನು ತಪ್ಪಿದ್ದೇನೆ ಎಂದು ತಿಳಿದು ಯಾರನ್ನಾದರೂ ಕೇಳಿದರೆ ಅದು ಒಳ್ಳೆಯ ಲಕ್ಷಣ. ಅವ್ವ ಹೋಟೆಲಿನವರ ಹತ್ತಿರ ಮಗನ ಆಫೀಸಿನ ಹೆಸರು ಹೇಳಿದ್ದರು, ಗಮನಿಸಿ.

ನಗರದಲ್ಲಿರುವ ಕನ್ನಡ ಮನೆಗಳಿಗೆ ಮಾತ್ರ ಹೇಳಬೇಕಾದ ಒಂದು ಮಾತಿದೆ. ನೆನಪಿನ ಪರೀಕ್ಷೆ ಮಾಡುವಾಗ "ಇದು ಯಾವ ಜಿಲ್ಲೆ, ಯಾವ ಮಹಡಿ, ಇವತ್ತು ಯಾವ ತಾರೀಖು" ಎಂದು ಕೇಳುತ್ತಾರೆ, ಮೂರು ಪದ ಹೇಳಿ ಸ್ವಲ್ಪ ಹೊತ್ತಿನ ಮೇಲೆ ತಿರುಗಿ ಹೇಳಿಸುತ್ತಾರೆ. ಇದನ್ನು ಹಿಂದಿಯಲ್ಲೋ ಮರಾಠಿಯಲ್ಲೋ ಕೇಳಿದರೆ ನಮ್ಮ ಅವ್ವಂದಿರು ಹೇಗೆ ಉತ್ತರಿಸಬೇಕು? ಠಾಣೆ ಒಂದು ಜಿಲ್ಲೆ ಎಂದೇ ಅವರಿಗೆ ಗೊತ್ತಿಲ್ಲ. ಈ ಅವ್ವನಿಗೂ ಬೇರೆ ಕಡೆ ಹಿಂದಿಯಲ್ಲಿ ಕೇಳಿ, ಅಂಕ ಕಡಿಮೆ ಬಂದು, ಮಗ ಹೆದರಿದ್ದ. ನಾನು ಕನ್ನಡದಲ್ಲಿ ಕೇಳಿದೆ. ಕಳೆದ ಸಂಕ್ರಾಂತಿಯಲ್ಲಿ ಯಾರು ಯಾರು ಬಂದಿದ್ದರು, ಯಜಮಾನರ ವರ್ಷಾಬ್ದಿಕ ಯಾವ ತಿಥಿ, ಎಲ್ಲ ಪಟಪಟ ಹೇಳಿದರು. ಕನ್ನಡದಲ್ಲೇ ಸಿದ್ಧಪಡಿಸಿದ ನೆನಪಿನ ಪರೀಕ್ಷೆಗಳಿವೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವಯಸ್ಸಾದವರ ವಿಭಾಗವಿದೆ. ಊರಿಗೆ ಹೋದಾಗ ಅಲ್ಲಿ ತೋರಿಸಬಹುದು. ಇಲ್ಲೇ ತೋರಿಸುವುದಾದರೆ ಕನ್ನಡ ಬಲ್ಲ ಮನೆಯವರು ಜೊತೆಗಿದ್ದು ಅನುವಾದ ಮಾಡಿ. ಉತ್ತರ ಮಾತ್ರ ಹೇಳಿಕೊಡಬೇಡಿ!

ಹಾಗಾದರೆ ಅವ್ವನಿಗೆ ಏನೂ ಇರಲಿಲ್ಲವೇ? ಇತ್ತು. ಮಗ ಇನ್ನೊಂದು ಮಾತು ಹೇಳಿದ್ದ: ಎರಡು ವಾರದಿಂದ ಮಂಕಾಗಿದ್ದಾರೆ, ನಡೆಯುವಾಗ ತೂಗಾಡುತ್ತಾರೆ, ಮಧ್ಯಾಹ್ನವೆಲ್ಲ ನಿದ್ದೆ. ನಿಧಾನವಾಗಿ ವರ್ಷಗಟ್ಟಲೆ ಬರುವುದು ಮರೆವಿನ ಕಾಯಿಲೆ. ಎರಡು ವಾರದಲ್ಲಿ ಬಂದದ್ದಕ್ಕೆ ಬೇರೆ ಕಾರಣ ಹುಡುಕಬೇಕು. ರಕ್ತ ಪರೀಕ್ಷೆ ಮಾಡಿಸಿದರೆ ಸೋಡಿಯಂ 122. ಇರಬೇಕಾದದ್ದು 135ರಿಂದ 145. ಊರಿನಿಂದ ತಂದ ಬಿಪಿ ಮಾತ್ರೆಯಲ್ಲಿ ಮೂತ್ರ ಹೆಚ್ಚಿಸುವ ಔಷಧಿ ಸೇರಿತ್ತು. ಇಲ್ಲಿಗೆ ಬಂದ ಮೇಲೆ ಸೊಸೆ ಪ್ರೀತಿಯಿಂದಲೇ ಉಪ್ಪು ಪೂರ್ತಿ ನಿಲ್ಲಿಸಿ, ದಿನಕ್ಕೆ ನಾಲ್ಕು ಲೀಟರ್ ನೀರು ಕುಡಿಸುತ್ತಿದ್ದರು. ಯಾವುದೋ ಫಾರ್ವರ್ಡ್ ಮೆಸೇಜಿನಲ್ಲಿ ಓದಿದ್ದಂತೆ! ಮೂರೂ ಸೇರಿ ಸೋಡಿಯಂ ಕುಸಿದಿತ್ತು. ಆಸ್ಪತ್ರೆಯಲ್ಲಿ ನಾಲ್ಕು ದಿನ ಇಟ್ಟುಕೊಂಡು ನಿಧಾನವಾಗಿ ಸರಿಮಾಡಿ, ಮಾತ್ರೆ ಬದಲಿಸಿದೆವು. ಇದನ್ನು ಓದಿ ನಿಮ್ಮ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ ಮತ್ತೆ. ಹೊಸದಾಗಿ ಮಂಕು, ತೂಗಾಟ ಕಂಡರೆ ಸೋಡಿಯಂ ನೋಡಿ ಎಂದು ಡಾಕ್ಟರನ್ನು ಕೇಳಿ, ಸಾಕು.

ಹೀಗೆ ಸರಿಮಾಡಬಹುದಾದ ಕಾರಣಗಳು ಇನ್ನೂ ಇವೆ. ಮೂತ್ರದ ಸೋಂಕು, ಥೈರಾಯ್ಡ್, ಬಿ12 ಕೊರತೆ, ಶುಗರ್ ತೀರಾ ಇಳಿಯುವುದು, ಮನಸ್ಸಿನ ಖಿನ್ನತೆ, ನಿದ್ದೆ ಮಾತ್ರೆ, ಅಲರ್ಜಿ ಮತ್ತು ಶೀತಕ್ಕೆ ಅಂಗಡಿಯಲ್ಲೇ ಕೊಡುವ ಕೆಲವು ಮಾತ್ರೆ. ಕಣ್ಣಿನ ಪೊರೆಯನ್ನಂತೂ ಮರೆಯಲೇಬೇಡಿ. ಅವ್ವನ ಬಲಗಣ್ಣಿನಲ್ಲಿ ಪೊರೆ ಬಲಿತಿತ್ತು. ಟವರಿನ ಮೇಲೆ ಬರೆದ ಅಕ್ಷರ ಅವರಿಗೆ ಕಾಣುತ್ತಲೇ ಇರಲಿಲ್ಲ. ಇನ್ನು ಬಾಯಿ ಸೊಟ್ಟಗಾಗುವುದು, ಒಂದು ಕೈಕಾಲು ಸೋಲುವುದು, ಮಾತು ತೊದಲುವುದು ಇದ್ದರೆ ಯಾವ ಪರೀಕ್ಷೆಗೂ ಕಾಯದೆ ತಕ್ಷಣ ದೊಡ್ಡ ಆಸ್ಪತ್ರೆಗೆ ಹೋಗಬೇಕು.

ಹೃದಯದ ಡಾಕ್ಟರಾಗಿ ನನ್ನ ಪಾಲಿನದ್ದನ್ನು ಹೇಳಬೇಕಲ್ಲ. ದೇಹದ ತೂಕದಲ್ಲಿ ಮೆದುಳು ಶೇಕಡಾ 2ರಷ್ಟು, ಆದರೆ ಉಸಿರಾಡಿದ ಆಮ್ಲಜನಕದಲ್ಲಿ ಶೇಕಡಾ 20ರಷ್ಟನ್ನು ಅದೇ ಕಬಳಿಸುತ್ತದೆ. ಹೃದಯ ನಿಂತು ಮತ್ತೆ ಹೊಡೆದುಕೊಂಡ ರೋಗಿಗಳಲ್ಲಿ ಮೊದಲು ಸಾಯುವ ನರಕೋಶಗಳಲ್ಲಿ ಹಿಪ್ಪೊಕ್ಯಾಂಪಸ್‌ನವೂ ಸೇರಿವೆ. ಅಷ್ಟು ನಾಜೂಕು ಜಾಗ. ವರ್ಷಗಟ್ಟಲೆ ಬಿಪಿ ಏರಿಯೇ ಇದ್ದರೆ ಮೆದುಳಿನ ಒಳಗಿನ ಸಣ್ಣ ರಕ್ತನಾಳಗಳು ಗಟ್ಟಿಯಾಗಿ, ತಂತಿಗಳಂತೆ ಓಡುವ ಸಂಪರ್ಕದ ಎಳೆಗಳು ಅಲ್ಲಲ್ಲಿ ಸುಟ್ಟಂತಾಗುತ್ತವೆ. ಅಮೆರಿಕದಲ್ಲಿ ಸ್ಪ್ರಿಂಟ್ ಎಂಬ ಅಧ್ಯಯನದಲ್ಲಿ 9 ಸಾವಿರಕ್ಕೂ ಹೆಚ್ಚು ಜನರಲ್ಲಿ ಅರ್ಧ ಮಂದಿಗೆ ಮೇಲಿನ ಬಿಪಿಯನ್ನು 120ಕ್ಕಿಂತ ಕೆಳಗೆ, ಉಳಿದವರಿಗೆ 140ಕ್ಕಿಂತ ಕೆಳಗೆ ಇಡಲು ನೋಡಿದರು. 2019ರ ವರದಿಯಂತೆ, ಬಿಗಿಯಾಗಿ ಇಟ್ಟವರಲ್ಲಿ ಮರೆವಿನ ಮೊದಲ ಹಂತ ಕಡಿಮೆ ಜನರಿಗೆ ಬಂತು. ಪೂರ್ತಿ ಮರೆವಿನ ಕಾಯಿಲೆಯ ಲೆಕ್ಕದಲ್ಲಿ ಅಷ್ಟು ಖಚಿತ ವ್ಯತ್ಯಾಸ ಕಾಣಲಿಲ್ಲ. ಎಲ್ಲರಿಗೂ 120 ಬೇಕೆಂದಲ್ಲ. ಎದ್ದು ನಿಂತರೆ ತಲೆ ಸುತ್ತುವ 80ರ ಅಜ್ಜನಿಗೆ ಗುರಿ ಬೇರೆ. ಆದರೆ ನಲವತ್ತು ಐವತ್ತರಲ್ಲಿರುವ ನೀವು, ಈ ಮೆಸೇಜನ್ನು ಅಮ್ಮನಿಗಾಗಿ ಓದುತ್ತಿರುವವರು, ನಿಮ್ಮ ಬಿಪಿ ನೋಡಿಸಿ ಎಷ್ಟು ದಿನವಾಯಿತು?

2024ರಲ್ಲಿ ಲ್ಯಾನ್ಸೆಟ್ ಪತ್ರಿಕೆಯ ತಜ್ಞರ ಸಮಿತಿ ಹೇಳಿದ್ದು: ನಾವು ಬದಲಿಸಬಹುದಾದ 14 ಕಾರಣಗಳನ್ನು ಸರಿಪಡಿಸಿದರೆ ಜಗತ್ತಿನ ಮರೆವಿನ ಕಾಯಿಲೆಯಲ್ಲಿ ಸುಮಾರು ಶೇಕಡಾ 45ರಷ್ಟನ್ನು ತಡೆಯಬಹುದು ಅಥವಾ ಮುಂದೂಡಬಹುದು. ಬಿಪಿ, ಶುಗರ್, ಕೊಬ್ಬು, ಸಿಗರೇಟು ಎಲ್ಲ ಅದರಲ್ಲಿವೆ. ಕಿವಿ ಕೇಳದಿರುವುದು, ಕಣ್ಣು ಕಾಣದಿರುವುದು, ಒಂಟಿತನ ಕೂಡ ಇವೆ. ಹದಿನಾಲ್ಕನೇ ಮಹಡಿಯಲ್ಲಿ ಕೀಲಿ ಹಾಕಿ ಕೂರಿಸುವುದು ಕೊನೆಯದಕ್ಕೆ ನೇರ ದಾರಿ ಎಂದು ಮಗನಿಗೆ ಹೇಳಿದ್ದು ಅದಕ್ಕೇ.

ವಯಸ್ಸಾದ ಮೆದುಳು ಹೊಸ ನಕ್ಷೆ ಕಲಿಯುತ್ತದೆಯೇ? ಕಲಿಯುತ್ತದೆ, ನಿಧಾನವಾಗಿ. ಇದಕ್ಕೆ ಒಬ್ಬ ರೋಗಿಯ ಉದಾಹರಣೆ ಇದೆ. ಅಮೆರಿಕದ ಹೆನ್ರಿ ಮೊಲೇಸನ್‌ಗೆ 1953ರಲ್ಲಿ, 27ನೇ ವಯಸ್ಸಿನಲ್ಲಿ, ಫಿಟ್ಸ್ ನಿಲ್ಲಿಸಲೆಂದು ಆಪರೇಷನ್ ಮಾಡಿ ಎರಡೂ ಕಡೆಯ ಹಿಪ್ಪೊಕ್ಯಾಂಪಸ್‌ನ ಬಹುಭಾಗ ತೆಗೆದರು. ಫಿಟ್ಸ್ ಕಡಿಮೆಯಾಯಿತು. ಆದರೆ ಆಮೇಲೆ ಹೊಸ ನೆನಪು ನಿಲ್ಲುವುದೇ ಹೋಯಿತು. ಈಗ ಮಾತಾಡಿದ ಡಾಕ್ಟರು ಹೊರಗೆ ಹೋಗಿ ಬಂದರೆ ಹೊಸಬರು. 2008ರಲ್ಲಿ ತೀರಿಕೊಳ್ಳುವವರೆಗೂ ಹಾಗೆಯೇ. ಅಂಥವರು ಕೂಡ, ಆಪರೇಷನ್ ಆಗಿ ಐದು ವರ್ಷದ ಮೇಲೆ ಸೇರಿದ ಮನೆಯ ಕೋಣೆಗಳು ಎಲ್ಲೆಲ್ಲಿವೆ ಎಂದು ಚಿತ್ರ ಬರೆದು ತೋರಿಸಿದ್ದರು. ದಿನಾ ಅದೇ ಮನೆಯಲ್ಲಿ ವರ್ಷಗಟ್ಟಲೆ ನಡೆದಾಡಿ, ಉಳಿದ ಚೂರುಪಾರು ಮೆದುಳೇ ಅಷ್ಟನ್ನು ಕಲಿತಿತ್ತು. ಹಿಪ್ಪೊಕ್ಯಾಂಪಸ್ ಪೂರ್ತಿ ಇರುವ ಅವ್ವನಿಗೆ ಒಂದು ಸೊಸೈಟಿ ಕಲಿಯುವುದು ಅಸಾಧ್ಯವೇ?

ಇನ್ನೊಂದು ಕಡೆ ಲಂಡನ್ನಿನ ಟ್ಯಾಕ್ಸಿಯವರು. ಅವರು ನಗರದ ನಡುವಿನ 25,000ದಷ್ಟು ರಸ್ತೆಗಳನ್ನು ಬಾಯಿಪಾಠ ಮಾಡಿ ಪರೀಕ್ಷೆ ಪಾಸಾಗಬೇಕು. ಮೂರು ನಾಲ್ಕು ವರ್ಷ ಬೇಕು. ಎಲಿನಾರ್ ಮಗ್ವೈರ್ 2000ದಲ್ಲಿ ಸ್ಕ್ಯಾನ್ ಮಾಡಿ ನೋಡಿದಾಗ ಅವರ ಹಿಪ್ಪೊಕ್ಯಾಂಪಸ್‌ನ ಹಿಂಭಾಗ ಉಳಿದವರಿಗಿಂತ ದೊಡ್ಡದಿತ್ತು. ದೊಡ್ಡದಿದ್ದವರೇ ಟ್ಯಾಕ್ಸಿಗೆ ಬಂದರೇನೋ ಎಂದು ಕೆಲವರು ತಕರಾರು ತೆಗೆದರು. ಅದಕ್ಕೆ ಕಲಿಯುವ ಹುಡುಗರನ್ನೇ ಹಿಡಿದು ಮೊದಲೂ ಆಮೇಲೂ ಸ್ಕ್ಯಾನ್ ಮಾಡಿದರು. 79 ಜನರಲ್ಲಿ 39 ಮಂದಿ ಪಾಸಾದರು, ಅವರಲ್ಲಿ ಮಾತ್ರ ಆ ಭಾಗ ಬೆಳೆದಿತ್ತು. 2024ರಲ್ಲಿ ಅಮೆರಿಕದ ಮರಣ ದಾಖಲೆಗಳನ್ನು ನೋಡಿದವರಿಗೆ ಟ್ಯಾಕ್ಸಿ ಮತ್ತು ಆಂಬುಲೆನ್ಸ್ ಚಾಲಕರಲ್ಲಿ ಆಲ್ಝೈಮರ್ ಸಾವು ಕಡಿಮೆ ಕಂಡಿತು. ಟ್ಯಾಕ್ಸಿ ಓಡಿಸಿದರೆ ಕಾಯಿಲೆ ಬರುವುದಿಲ್ಲ ಎಂದು ಇದರಿಂದ ಹೇಳಲಾಗದು, ಯಾರಾದರೂ ಹಾಗೆ ಫಾರ್ವರ್ಡ್ ಮಾಡಿದರೆ ನಂಬಬೇಡಿ.

ಮೊಬೈಲ್ ಮ್ಯಾಪಿನ ಬಗ್ಗೆ ಎಲ್ಲರೂ ಕೇಳುತ್ತಾರೆ. 2017ರಲ್ಲಿ ಲಂಡನ್ನಿನ ಒಂದು ಪ್ರಯೋಗದಲ್ಲಿ, ತಾವೇ ದಾರಿ ಹುಡುಕಿದವರ ಹಿಪ್ಪೊಕ್ಯಾಂಪಸ್ ಹೊಸ ರಸ್ತೆಗೆ ತಿರುಗಿದಾಗಲೆಲ್ಲ ಚುರುಕಾಗುತ್ತಿತ್ತು. "ಎಡಕ್ಕೆ ತಿರುಗಿ" ಎಂದು ಹೇಳಿಸಿಕೊಂಡವರದ್ದು ಸುಮ್ಮನಿತ್ತು. ನಾನೂ ಮ್ಯಾಪ್ ಹಾಕಿಕೊಂಡೇ ಗಾಡಿ ಓಡಿಸುತ್ತೇನೆ, ಟ್ರಾಫಿಕ್ ತಿಳಿಯಬೇಕಲ್ಲ. ಗೊತ್ತಿರುವ ದಾರಿಗೆ ಮಾತ್ರ ಅದರ ಬಾಯಿ ಮುಚ್ಚಿಸಿರುತ್ತೇನೆ.

ಅವ್ವನ ಮನೆಯವರಿಗೆ ನಾನು ಹೇಳಿಕೊಟ್ಟದ್ದು ಇಷ್ಟು. ದಿನಾ ಒಂದೇ ಹೊತ್ತಿಗೆ, ಒಂದೇ ದಾರಿಯಲ್ಲಿ, ಅವ್ವನನ್ನು ಕರೆದುಕೊಂಡು ಹೋಗಿ. ಆದರೆ ಮುಂದೆ ನಡೆಯುವವರು ಅವ್ವ, ನೀವು ಎರಡು ಹೆಜ್ಜೆ ಹಿಂದೆ. ಕೈ ಹಿಡಿದು ಎಳೆದುಕೊಂಡು ಹೋದರೆ ನಕ್ಷೆ ನಿಮ್ಮ ತಲೆಯಲ್ಲಿ ಬರೆದುಕೊಳ್ಳುತ್ತದೆ, ಅವರದ್ದರಲ್ಲಿ ಅಲ್ಲ. ಗುರುತುಗಳಿಗೆ ಕನ್ನಡದಲ್ಲೇ ಹೆಸರಿಡಿ: ಬೇವಿನ ಗಿಡದ ಮೂಲೆ, ನೀಲಿ ಗೇಟು, ಇಸ್ತ್ರಿಯವನ ಗಾಡಿ. ಹೋಗುವ ದಾರಿ ಬಂದರೆ ಬರುವ ದಾರಿಯೂ ಬಂತೆಂದಲ್ಲ, ಆ ಕಡೆಯಿಂದ ಎಲ್ಲ ಬೇರೆಯಾಗಿಯೇ ಕಾಣುತ್ತದೆ. ಹಾಗಾಗಿ ನಡುನಡುವೆ ನಿಂತು ಹಿಂತಿರುಗಿ ನೋಡಲು ಹೇಳಿ. ಬಾಗಿಲಿಗೆ ಎದ್ದು ಕಾಣುವ ಹಸಿರು ತೋರಣ, ಲಿಫ್ಟಿನ ಎದುರು ಮಹಡಿಯ ಸಂಖ್ಯೆ ಕನ್ನಡದಲ್ಲಿ. ರಾತ್ರಿ ಬಚ್ಚಲಿನವರೆಗೆ ಸಣ್ಣ ದೀಪ. ಬಚ್ಚಲ ಬಾಗಿಲು ತೆರೆದೇ ಇರಲಿ. ಮಂಚ ಮತ್ತು ಕಪಾಟಿನ ಜಾಗವನ್ನು ಪದೇ ಪದೇ ಬದಲಿಸಬೇಡಿ. ನಡಿಗೆಯಿಂದ ಬೇರೆ ಲಾಭವೂ ಇದೆ. 2011ರ ಅಧ್ಯಯನದಲ್ಲಿ 120 ಹಿರಿಯರನ್ನು ಎರಡು ಗುಂಪು ಮಾಡಿ, ಒಂದು ಗುಂಪನ್ನು ವಾರಕ್ಕೆ ಮೂರು ದಿನ 40 ನಿಮಿಷ ನಡೆಸಿದರು. ವರ್ಷದ ಕೊನೆಗೆ ನಡೆದವರ ಹಿಪ್ಪೊಕ್ಯಾಂಪಸ್ ಶೇಕಡಾ 2ರಷ್ಟು ಹಿಗ್ಗಿತ್ತು, ಬರೀ ಮೈ ಸಡಿಲಿಸುವ ವ್ಯಾಯಾಮ ಮಾಡಿದವರದ್ದು ಕುಗ್ಗಿತ್ತು. ಆಮೇಲಿನ ಅಧ್ಯಯನಗಳಲ್ಲಿ ಎಲ್ಲದರಲ್ಲೂ ಇಷ್ಟು ಲಾಭ ಕಂಡಿಲ್ಲ, ಆದರೆ ಹೃದಯಕ್ಕಂತೂ ನಡಿಗೆ ಬೇಕೇ ಬೇಕು.

ಅವ್ವನ ಕುಪ್ಪಸದ ಜೇಬಿಗೋ ತಾಳಿ ಚೀಲದ ಹಾಗೆ ಕೊರಳಿಗೋ ಒಂದು ಕಾರ್ಡು: ಮಗನ ನಂಬರು, ಟವರಿನ ಹೆಸರು, ಫ್ಲ್ಯಾಟ್ ನಂಬರು, "ನನಗೆ ಕನ್ನಡ ಮಾತ್ರ ಬರುತ್ತದೆ" ಎಂಬ ಸಾಲು. ಇದನ್ನು ಆ ಊರಿನ ಭಾಷೆ ಮತ್ತು ಇಂಗ್ಲಿಷಿನಲ್ಲಿ ಬರೆಯಿರಿ. ವಾಚ್‌ಮನ್, ಹೂವಿನವಳು, ಹಾಲಿನವನು, ಮೂವರಿಗೂ ಅವ್ವನನ್ನು ಪರಿಚಯ ಮಾಡಿಸಿ. ಒಂದು ವೇಳೆ ಕಾಣೆಯಾದರೆ 24 ಗಂಟೆ ಕಾದು ದೂರು ಕೊಡಬೇಕು ಎಂಬುದು ಸುಳ್ಳು. ಕೂಡಲೇ 112ಕ್ಕೆ ಫೋನ್ ಮಾಡಿ, ಅಂದು ಉಟ್ಟಿದ್ದ ಸೀರೆಯ ಬಣ್ಣ ಹೇಳಿ, ಇತ್ತೀಚಿನ ಫೋಟೊ ಕೊಡಿ. ಹಿರಿಯರ ಸಹಾಯವಾಣಿ 14567 ಕೂಡ ಇದೆ.

ನಿಜವಾಗಿ ಮರೆವಿನ ಕಾಯಿಲೆ ಇರುವವರನ್ನು ಒಬ್ಬರೇ ಕಳಿಸುವುದು ಅಪಾಯ. ಅವರಿಗೆ ಜೊತೆ ಬೇಕೇ ಬೇಕು. ಆದರೆ ಅವರಿಗೂ ದಿನಕ್ಕೊಮ್ಮೆ ಹೊರಗಿನ ಗಾಳಿ, ಬಿಸಿಲು, ಗುರುತಿನ ಮುಖ ಬೇಕು. ಮಾಟುಂಗದ ಆ ಯಜಮಾನರನ್ನು ಈಗಲೂ ಹೆಂಡತಿ ದಿನಾ ಸಂಜೆ ಅದೇ ಮಾರ್ಕೆಟಿನ ಗಲ್ಲಿಯಲ್ಲಿ ಕರೆದುಕೊಂಡು ಹೋಗುತ್ತಾರೆ. ಬಾಗಿಲ ಹತ್ತಿರ ನಿಂತು ಯಾರಾದರೂ ಕೊನೆಯ ಮಾತು ಹೇಳಿದರೆ ಈಗ ನಾನು ಪೆನ್ನು ಕೆಳಗಿಟ್ಟು, ಕೂರಿಸಿ ಕೇಳುತ್ತೇನೆ.

ಠಾಣೆಯ ಅವ್ವ ನಾಲ್ಕು ತಿಂಗಳ ಮೇಲೆ ಬಂದಿದ್ದರು. ಕಣ್ಣಿನ ಆಪರೇಷನ್ ಆಗಿತ್ತು, ಸೋಡಿಯಂ 138. ಹೂವಿನವಳ ತನಕ ಒಬ್ಬರೇ ಹೋಗಿ ಬರುತ್ತಾರಂತೆ. "ಗುಡಿಗೆ ಇನ್ನೂ ಮೊಮ್ಮಗನ್ನ ಕರ್ಕೊಂಡ ಹೋಗ್ತೀನ್ರಿ" ಎಂದರು. ಮೊಮ್ಮಗ ಪಕ್ಕದಲ್ಲೇ ಇದ್ದ, ಹತ್ತು ವರ್ಷದವನು. "ಡಾಕ್ಟರ್ ಅಂಕಲ್, ಗುಡಿಯ ದಾರಿ ನನಗೆ ಬರಲ್ಲ. ಅಜ್ಜಿಗೇ ಗೊತ್ತಿರೋದು" ಅಂದ.

ಮುಂದಿನ ಸಲ: ಸಂಜೆ ಹೊತ್ತಿಗೆ ಕಾಲು ಬಾವು ಬರುವುದು ಯಾಕೆ, ಯಾವಾಗ ಹೆದರಬೇಕು.